ಇಪ್ಪತ್ತೇಳು ಮಾತುಗಳು

ವಿಟ್ಲ
3 ಸೆಪ್ಟೆಂಬರ್ 2006

ಪ್ರೀತಿಯ ತೃಪ್ತಿ ಮಗಳಿಗೆ,

ವಿಟ್ಲ ಬಸ್ ಸ್ಟ್ಯಾಂಡಿನ ಟೈಮ್ ಕೀಪರ್ ಹಸೈನಾರ್ ಬರೆಯುವುದು. ಕವರಿನ ಮೇಲೆ ನನ್ನ ಹೆಸರು ನೋಡಿ ಗಾಬರಿಯಾಗಬೇಡ. ನಿನ್ನ ಅಪ್ಪನಿಗೆ ಏನೂ ಆಗಿಲ್ಲ. ಲೋಕಯ್ಯ ಇವತ್ತೂ ಏಳು ಹತ್ತಕ್ಕೆ ಬಸ್ಸು ತಂದು ನಿಲ್ಲಿಸಿ, ಚಾ ಕುಡಿದು, ಏಳು ಹದಿನೆಂಟಕ್ಕೆ ತೆಗೆದ. ಇದನ್ನು ಮೊದಲೇ ಬರೆಯಬೇಕೆಂದು ಎರಡು ಕಾಗದ ಹರಿದು ಹಾಕಿದೆ.

ಆಗಿರುವುದು ನನಗೆ. ಗಂಟಲಿನಲ್ಲಿ ಗಡ್ಡೆ. ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟು ನೋಡಿದರು, ಕರಗಲಿಲ್ಲ. ಉಪವಾಸ ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ ಅಕ್ಟೋಬರ್ ಮೂವತ್ತಕ್ಕೆ ಮಂಗಳೂರಿನಲ್ಲಿ ಆಪರೇಶನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ ಉಸಿರಾಡುವುದು ಕತ್ತಿನಲ್ಲಿ ಮಾಡುವ ತೂತಿನಿಂದ. ಮಾತು ಇಲ್ಲ. ವಿಸಿಲ್ ಊದಲಿಕ್ಕೂ ಆಗುವುದಿಲ್ಲ. ಕತ್ತಿಗೆ ಹಿಡಿದು ಮಾತಾಡುವ ಮಿಷನ್ ಒಂದು ಉಂಟಂತೆ. ಗಾಯ ಪೂರ್ತಿ ಒಣಗಿದ ಮೇಲೆ, ಮುಂದಿನ ವರ್ಷ ನೋಡುವ ಎಂದರು.

ನೀನು ಅಜ್ಜಿಮನೆಯಲ್ಲಿದ್ದು ಪುತ್ತೂರಿಗೆ ಕಾಲೇಜಿಗೆ ಹೋಗುತ್ತಿದ್ದಾಗ ಮೂರು ವರ್ಷ ನಿನ್ನನ್ನು ಬಸ್ಸು ಹತ್ತಿಸಿದವನು ನಾನು. ನನ್ನ ಕೆಲಸ ನಿನಗೆ ಗೊತ್ತುಂಟು, ಬಸ್ಸಿನ ಹೊತ್ತು ಶೀಟಿನಲ್ಲಿ ಬರೆಯುವುದು, ಊರಿನ ಹೆಸರು ಕೂಗಿ ಜನ ಹತ್ತಿಸುವುದು. ಶಾಲೆಗೆ ಒಂದು ವರ್ಷ ಹೋಗಿ ಒಂದು ವರ್ಷ ಬಿಟ್ಟು, ಹೇಗೋ ಐದನೇ ಕ್ಲಾಸಿನವರೆಗೆ ಮುಟ್ಟಿದವನು. ಇಪ್ಪತ್ತಾರು ವರ್ಷ ಬಾಯಿಯ ಬಲದಲ್ಲೇ ಅನ್ನ ತಿಂದಿದ್ದೇನೆ.

ನೀನು ಮೂಡುಬಿದಿರೆಯಲ್ಲಿ ಮೊಬೈಲಿಗೆ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದಿ ಎಂದು ಲೋಕಯ್ಯ ಹೇಳಿದ. ಶಾರ್ಜಾದಲ್ಲಿರುವ ನನ್ನ ತಂಗಿಯ ಮಗ ಹನೀಫಾ ಒಂದು ಫೋನ್ ಕಳಿಸಿದ್ದಾನೆ. ಹಾಡು ಬರುವಂಥದ್ದು. ಹಾಡು ಇಡುವ ಹಾಗೆ ನನ್ನ ಮಾತನ್ನು ಈಗಲೇ ಅದರಲ್ಲಿ ತುಂಬಿಸಿ ಇಟ್ಟು, ಬಟನ್ ಒತ್ತಿದಾಗ ಹೊರಗೆ ಬರುವ ಹಾಗೆ ಮಾಡಲು ಆಗುತ್ತದಾ? ಆಗದಿದ್ದರೆ ಆಗುವುದಿಲ್ಲ ಎಂದೇ ಬರೆ. ಬೇಸರ ಮಾಡುವುದಿಲ್ಲ. ಆದರೆ ಬೇಗ ಬರೆ.

ಡಾಕ್ಟರು ಮಾತು ಕಡಿಮೆ ಮಾಡಿ ಎಂದ ಕಾರಣ ಫೋನ್ ಮಾಡಲಿಲ್ಲ. ಇಂಗ್ಲಿಷ್ ಅಕ್ಷರ ನನಗೆ ಬಸ್ಸಿನ ನಂಬರ್ ಪ್ಲೇಟಿನಷ್ಟೇ ಬರುವುದು, ಮೆಸೇಜ್ ಆಗುವುದಿಲ್ಲ.

ಇಂತಿ,
ಹಸೈನಾರ್

*

ಮೂಡುಬಿದಿರೆ
8 ಸೆಪ್ಟೆಂಬರ್ 2006

ಹಸೈನಾರ್ ಕಾಕ,

ಕಾಗದ ಓದಿ ನೇರ ಲ್ಯಾಬಿಗೆ ಹೋಗಿ ನೋಡಿ ಬಂದೆ. ಆಗುತ್ತದೆ.

ಆದರೆ ನಾನು ಹೊಸಬಳು ಎಂದು ಮೊದಲೇ ಹೇಳಿಬಿಡುತ್ತೇನೆ. ಇಷ್ಟರವರೆಗೆ ಮಾಡಿದ್ದು ಒಂದೇ ಪ್ರೋಗ್ರಾಂ. ಅದರಲ್ಲಿ ಇದ್ದದ್ದು ಒಂದೇ ಸ್ಕ್ರೀನ್, ಅದರಲ್ಲಿ ಬರುತ್ತಿದ್ದದ್ದು ನನ್ನ ಹೆಸರು. ಇದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತೇನೆ ಎಂದು ಗೈಡ್ ಸರ್ ಹತ್ತಿರ ಕೇಳಿದೆ, ಒಪ್ಪಿದರು.

ನಿಮ್ಮ ಫೋನಿನಲ್ಲಿ ಒಂದು ಪ್ರೋಗ್ರಾಂಗೆ ಸಿಗುವ ಜಾಗ ಬಹಳ ಕಡಿಮೆ. ಚಿಕ್ಕ ಚಿಕ್ಕ ಮಾತಾದರೆ ಸುಮಾರು ಮೂವತ್ತು ಹಿಡಿಸಬಹುದು. ಮಾತು ತುಂಬುವುದು ಕಷ್ಟವಲ್ಲ. ಬೇಕಾದ ಮಾತು ಬೇಕಾದಾಗ ಸಿಗುವ ಹಾಗೆ ಸ್ಕ್ರೀನುಗಳನ್ನು ಜೋಡಿಸುವುದೇ ಕೆಲಸ. ನಾನು ಹೀಗೆ ಯೋಚಿಸಿದ್ದೇನೆ: ಮೊದಲ ಸ್ಕ್ರೀನಿನಲ್ಲಿ ಭಾಷೆ ಆರಿಸುವುದು, ಬ್ಯಾರಿ, ತುಳು, ಕನ್ನಡ. ಎರಡನೆಯದರಲ್ಲಿ ವಿಷಯ, ಅಂದರೆ ಊಟ, ಆರೋಗ್ಯ, ಪ್ರಯಾಣ. ಮೂರನೆಯದರಲ್ಲಿ ಆ ವಿಷಯದ ಮಾತುಗಳು. ಫೋನಿನಲ್ಲಿ ಕನ್ನಡ ಅಕ್ಷರ ಇಲ್ಲ, ಅಕ್ಷರಗಳನ್ನು ಚಿತ್ರ ಮಾಡಿ ಹಾಕುತ್ತೇನೆ. ಚಿತ್ರ ಬರೆದ ಹಾಳೆ ಇದರೊಟ್ಟಿಗೆ ಉಂಟು. ನೋಡಿ ಹೇಳಿ.

ಅಪ್ಪ ಪ್ರತಿ ಫೋನಿನಲ್ಲೂ ನಿಮ್ಮದೇ ಸುದ್ದಿ ಹೇಳುತ್ತಾರೆ. ಆದರೆ ಗಂಟಲಿನ ಸುದ್ದಿ ಮಾತ್ರ ಹೇಳಿರಲಿಲ್ಲ.

ನಿಮ್ಮ,
ತೃಪ್ತಿ

*

ವಿಟ್ಲ
17 ಸೆಪ್ಟೆಂಬರ್ 2006

ತೃಪ್ತಿ ಮಗಳಿಗೆ,

ನಿನ್ನ ಚಿತ್ರ ಸಿಕ್ಕಿತು. ನೋಡಿದ ಕೂಡಲೇ ಚೆಂದ ಉಂಟು ಎಂದೇ ಅನ್ನಿಸಿತು. ಆಮೇಲೆ ನನಗೆ ಎಂದಿನ ಹಾಗೆ ಹೆದರಿಕೆ ಹಿಡಿಯಿತು. ಆಪರೇಶನ್ ಆದ ಮೇಲೆ ಇದು ಸರಿಯಾಗಲಿಲ್ಲ ಎಂದು ಗೊತ್ತಾದರೆ ಯಾರ ಹತ್ತಿರ ಹೇಳುವುದು, ಯಾವ ಬಾಯಿಯಲ್ಲಿ ಹೇಳುವುದು? ಹಾಗಾಗಿ ಈಗಲೇ ಪರೀಕ್ಷೆ ಮಾಡಿದೆ.

ಹಳೆಯ ಟ್ರಿಪ್ ಶೀಟುಗಳನ್ನು ಫೋನಿನಷ್ಟು ಚೌಕಕ್ಕೆ ಕತ್ತರಿಸಿ, ನೀನು ಬರೆದ ಹಾಗೆಯೇ ಒಂದೊಂದರ ಮೇಲೂ ಒಂದೊಂದು ಸ್ಕ್ರೀನ್ ಬರೆದೆ. ನನ್ನ ಮಗಳು ಶಿಫಾನಾ ಫೋನ್ ಆದಳು. ನಾನು ಕಾಗದದ ಮೇಲೆ ಬೆರಳಿಟ್ಟರೆ ಅವಳು ಅದನ್ನು ತೆಗೆದು ಮುಂದಿನ ಕಾಗದ ಇಡಬೇಕು. ಹತ್ತನೇ ಕ್ಲಾಸಿನ ಓದು ಬಿಟ್ಟು ಫೋನಾಗಲು ಅವಳಿಗೆ ಬಹಳ ಸಂತೋಷ.

ನನ್ನ ಮನೆಯವಳು ಜೈನಬಿ ಅನ್ನ ಬಡಿಸುತ್ತಿದ್ದಳು. ‘ಸಾಕು’ ಎನ್ನಬೇಕಿತ್ತು. ಭಾಷೆ ಒತ್ತಿದೆ. ವಿಷಯ ಬಂತು. ಊಟ ಒತ್ತಿದೆ. ಮಾತುಗಳು ಬಂದವು. ನಾನು ‘ಸಾಕು’ ಹುಡುಕುವಾಗ ಬಟ್ಟಲಿನಲ್ಲಿ ಇನ್ನೆರಡು ಸೌಟು ಬಿದ್ದಿತ್ತು. "ನಿಮ್ಮ ಫೋನ್ ಬರುವಾಗ ಅಕ್ಕಿ ಮುಗಿಯುತ್ತದೆ" ಎಂದಳು.

ಇನ್ನೊಂದು. ಭಾಷೆ ಯಾವುದು ಎಂದು ಫೋನ್ ಕೇಳಿದಾಗ ನನಗೆ ತಬ್ಬಿಬ್ಬಾಯಿತು. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಭಾಷೆ ಆರಿಸಿದವನಲ್ಲ ಮಗಾ. ಎದುರಿನ ಮುಖ ನೋಡುತ್ತೇನೆ, ಬಾಯಿಗೆ ತನ್ನಿಂದ ತಾನೇ ಬರುತ್ತದೆ. ಜೈನಬಿಯ ಮುಖಕ್ಕೆ ಬ್ಯಾರಿ, ನಿನ್ನ ಅಪ್ಪನ ಮುಖಕ್ಕೆ ತುಳು, ಡಾಕ್ಟರು ಮತ್ತು ಪಂಚಾಯತಿನವರ ಮುಖಕ್ಕೆ ಕನ್ನಡ. ಹಾಗಾದ ಮೇಲೆ ಭಾಷೆ ಯಾಕೆ ಕೇಳಬೇಕು? ಎಲ್ಲಿದ್ದೇನೆ ಎಂದು ಕೇಳಿದರೆ ಸಾಕಲ್ಲ. ಮನೆ, ಸ್ಟ್ಯಾಂಡ್, ಡಾಕ್ಟರು. ಮನೆ ಒತ್ತಿದರೆ ಅಲ್ಲಿ ಇರುವುದೆಲ್ಲ ಬ್ಯಾರಿ ಮಾತೇ.

ಸ್ಟ್ಯಾಂಡಿನ ಅನುಭವದಿಂದ ಒಂದು ಹೇಳುತ್ತೇನೆ. ಎರಡು ಬಸ್ಸು ಹತ್ತಿ ಇಳಿಯುವ ಊರಿಗೆ ಜನ ಹೋಗುತ್ತಾರೆ. ಮೂರನೇ ಬಸ್ಸು ಹಿಡಿಯಬೇಕು ಎಂದರೆ ಇನ್ನೊಂದು ದಿನ ಹೋಗುವ ಎನ್ನುತ್ತಾರೆ. ನನ್ನ ಮಾತೂ ಎರಡನೇ ಬಟನಿಗೆ ಸಿಗಬೇಕು.

ನೀನು ಕಲಿತವಳು, ನಾನು ಹೇಳಿದ್ದು ತಪ್ಪಾದರೆ ಬಿಟ್ಟುಬಿಡು. ಬರೆದದ್ದು ಜಾಸ್ತಿಯಾಯಿತೋ ಎಂದು ಈಗ ಇನ್ನೊಂದು ಚಿಂತೆ.

ಇಂತಿ,
ಹಸೈನಾರ್

*

ಮೂಡುಬಿದಿರೆ
24 ಸೆಪ್ಟೆಂಬರ್ 2006

ಹಸೈನಾರ್ ಕಾಕ,

ತಪ್ಪಿಲ್ಲ. ನಾನು ಎರಡು ವಾರ ಬರೆದದ್ದನ್ನು ಪೂರ್ತಿ ಅಳಿಸಿದೆ. ಮೊದಲ ದಿನ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ, ಒಂದು ದಿನದಲ್ಲಿ ಎಷ್ಟು ಸಲ ಭಾಷೆ ಬದಲಿಸುತ್ತೇನೆಂದು. ಹಾಸ್ಟೆಲಿನ ಅಡುಗೆಯವರ ಹತ್ತಿರ ತುಳು, ರೂಮಿನವಳ ಹತ್ತಿರ ಕೊಂಕಣಿ ಅರ್ಧಂಬರ್ಧ, ಕ್ಲಾಸಿನಲ್ಲಿ ಕನ್ನಡ. ಒಂದು ಸಲವೂ ಆರಿಸಲಿಲ್ಲ. ಗೊತ್ತೇ ಇರಲಿಲ್ಲ ನನಗೆ.

ಗೈಡ್ ಸರ್ ಒಪ್ಪಲಿಲ್ಲ. "ಭಾಷೆ ಆರಿಸುವ ಸ್ಕ್ರೀನ್ ಇಲ್ಲದೆ ಮೂರು ಭಾಷೆಯ ಪ್ರೋಗ್ರಾಂ ಅಂತ ಹೇಗೆ ಹೇಳ್ತೀರಿ? ಎಕ್ಸಾಮಿನರ್ ಕೇಳಿದ್ರೆ ಎಂತ ಹೇಳ್ತೀರಿ?" ಎಂದರು. "ಹಸೈನಾರ್ ಕಾಕ ಹೇಳಿದ್ರು ಅಂತ ಹೇಳ್ತೇನೆ ಸರ್" ಎಂದೆ. ನಗಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ.

ಈಗ ಹೀಗೆ. ಮೊದಲ ಸ್ಕ್ರೀನಿನಲ್ಲಿ ಮೂರು ಜಾಗ. ಒಂದೊಂದು ಜಾಗಕ್ಕೆ ಒಂದೊಂದು ಸ್ಕ್ರೀನ್. ಒಂದರಿಂದ ಒಂಬತ್ತರವರೆಗಿನ ಬಟನ್ನುಗಳಿಗೆ ಒಂಬತ್ತು ಮಾತು. ಒಟ್ಟು ಇಪ್ಪತ್ತೇಳು. ನೀವು ಆರಿಸಿ ಇಡಿ. ಅಕ್ಟೋಬರ್ ಎಂಟಕ್ಕೆ, ಭಾನುವಾರ, ಲ್ಯಾಬಿನ ಮೈಕ್ ಕೇಳಿ ತಂದು ರೆಕಾರ್ಡ್ ಮಾಡುತ್ತೇನೆ. ಉಪವಾಸದ ತಿಂಗಳು, ಗಂಟಲು ಒಣಗಿರುತ್ತದೆ, ಸಂಜೆ ಮಸೀದಿಯಲ್ಲಿ ಬಾಂಕ್ ಕೂಗಿದ ಮೇಲೆ ನೀವು ನೀರು ಕುಡಿದೇ ಶುರು ಮಾಡುವ.

ನಿಮ್ಮ,
ತೃಪ್ತಿ

*

ವಿಟ್ಲ
1 ಅಕ್ಟೋಬರ್ 2006

ತೃಪ್ತಿ ಮಗಳಿಗೆ,

ಇಪ್ಪತ್ತೇಳು ಎಂದು ಓದಿದಾಗ ಬಹಳ ಆಯಿತು ಎಂದುಕೊಂಡೆ. ಬರೆಯಲು ಕೂತ ಮೇಲೆ ಸಾಲುವುದಿಲ್ಲ ಎಂದು ಗೊತ್ತಾಯಿತು. ಮನುಷ್ಯನಿಗೆ ಇಷ್ಟು ಮಾತು ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಸ್ಟ್ಯಾಂಡಿನದ್ದು ಮೊದಲು ಮುಗಿಸಿದೆ. ಕಲ್ಲಡ್ಕ, ಬಿ.ಸಿ. ರೋಡಿನ ಬಸ್ಸು ಯಾವುದು, ಪುತ್ತೂರಿನದ್ದು ಯಾವುದು, ಹತ್ತು ನಿಮಿಷ ಉಂಟು, ಹೋಗಿ ಆಯಿತು. ಇಷ್ಟು ಕೆಲಸದ್ದು. ಉಳಿದದ್ದು ಫುಟ್‌ಬೋರ್ಡಿನಲ್ಲಿ ನಿಲ್ಲಬೇಡ, ಮಗುವಿನ ಕೈ ಹಿಡಿ, ಚೀಲ ನೋಡಿಕೊಳ್ಳಿ, ನಿಂತ ಮೇಲೆ ಇಳಿಯಿರಿ, ತಲೆ ಹೊರಗೆ ಹಾಕಬೇಡ.

ಮನೆಯದ್ದು ಬರೆಯುವಾಗ ಶಿಫಾನಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಗ್ಯಾಸ್ ಬಂದ್ ಮಾಡಿದಿರಾ, ಬಾಗಿಲು ಹಾಕಿದಿರಾ, ಕೊಡೆ ತೆಗೆದುಕೊಂಡಿಯಾ, ಬಾವಿಕಟ್ಟೆಯ ಹತ್ತಿರ ಹೋಗಬೇಡ. "ಉಪ್ಪಾ, ಇದು ಮಾತಲ್ಲ, ಬರೀ ಹೆದರಿಕೆ. ಇಷ್ಟನ್ನೇ ಇಡುವುದಾದರೆ ಆಪರೇಶನ್ ಯಾಕೆ, ನಮಗೆ ಎಲ್ಲ ಬಾಯಿಪಾಠ ಉಂಟು" ಎಂದಳು. ಜೈನಬಿ ಅವಳಿಗೆ ಬೈದಳು. ಆದರೆ ನಕ್ಕದ್ದನ್ನು ನಾನು ನೋಡಿದೆ.

ನಾನು ಎಂತ ಮಾಡಲಿ? ದಿನವೂ ಬಾಯಿಯಿಂದ ಬರುವುದು ಇದೇ. ಬಾರದ್ದನ್ನು ತುಂಬಿಸಿ ಇಟ್ಟರೆ ಅದು ನನ್ನ ಮಾತು ಹೇಗಾದೀತು? ಒಂಬತ್ತನೆಯದಕ್ಕೆ ‘ಸಾಕು’ ಹಾಕಿದ್ದೇನೆ. ಡಾಕ್ಟರಿನ ಸ್ಕ್ರೀನಿಗೆ ‘ನೋವು ಇಲ್ಲಿ’, ‘ಉಸಿರು ಕಟ್ಟುತ್ತದೆ’, ‘ಮನೆಯವರನ್ನು ಕರೆಯಿರಿ’, ಮತ್ತೆ ಕೆಲವು.

ಎಂಟಕ್ಕೆ ಬರುವಾಗ ಸಿದ್ಧಕಟ್ಟೆಯ ಮೇಲೆ ಬಾ. ಬಂಟ್ವಾಳದಲ್ಲಿ ಇಳಿಯಬೇಡ, ಬಿ.ಸಿ. ರೋಡಿನವರೆಗೆ ಬಾ, ಅಲ್ಲಿಂದ ವಿಟ್ಲದ ಬಸ್ಸು ಧಾರಾಳ ಉಂಟು. ಮೈಕನ್ನು ಮಡಿಲಿನಲ್ಲೇ ಇಟ್ಟುಕೋ, ಮೇಲೆ ಕ್ಯಾರಿಯರಿನಲ್ಲಿ ಇಡಬೇಡ.

ಇಂತಿ,
ಹಸೈನಾರ್

*

ಮೂಡುಬಿದಿರೆ
12 ಅಕ್ಟೋಬರ್ 2006

ಹಸೈನಾರ್ ಕಾಕ,

ಎಂಟಕ್ಕೆ ನಿಮ್ಮಿಂದ ತಂದ ಫೋನನ್ನು ಅಪ್ಪನ ಬಸ್ಸಿನಲ್ಲಿ ಕಳಿಸಿದ್ದೇನೆ, ಸೀಟಿನ ಅಡಿಯ ಡಬ್ಬದಲ್ಲಿ ಬಟ್ಟೆ ಸುತ್ತಿ ಇಟ್ಟಿರುತ್ತಾರೆ. ಇಪ್ಪತ್ತೇಳೂ ಹಿಡಿಸಿತು. ನೀವು ಪ್ರತಿ ಮಾತಿನ ಮೊದಲು ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಿದ್ದೀರಿ. ಜಾಗ ಉಳಿಸಲು ಅದನ್ನೆಲ್ಲ ಕತ್ತರಿಸಿ ತೆಗೆದಿದ್ದೇನೆ.

ಇನ್ನು ಹದಿನೆಂಟು ದಿನ ಉಂಟು. ಈಗಲೇ ಬಳಸಿ ನೋಡಿ. ಬಾಯಿ ಇದ್ದರೂ ಮಾತಾಡಬೇಡಿ, ಬಟನನ್ನೇ ಒತ್ತಿ. ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆಯಿರಿ.

ಬಾಂಕ್ ಕೂಗಿದ ಹೊತ್ತಿಗೆ ಜೈನಬಮ್ಮ ಕೊಟ್ಟ ಗಂಜಿಯ ರುಚಿ ಇನ್ನೂ ನಾಲಿಗೆಯಲ್ಲಿ ಉಂಟು.

ನಿಮ್ಮ,
ತೃಪ್ತಿ

*

ವಿಟ್ಲ
16 ಅಕ್ಟೋಬರ್ 2006

ತೃಪ್ತಿ ಮಗಳಿಗೆ,

ಎರಡು ದೂರು ಉಂಟು. ಒಂದು ನನ್ನದು, ಒಂದು ಜೈನಬಿಯದ್ದು.

ನನ್ನದು ಇದು. ಬೆಳಿಗ್ಗೆಯಿಂದ ಮನೆ ಸ್ಕ್ರೀನಿಗೆ ಹೋಗಿ, ಸ್ಟ್ಯಾಂಡಿಗೆ ಹೋಗಿ, ಪುನಃ ಮನೆಗೆ, ಪುನಃ ಸ್ಟ್ಯಾಂಡಿಗೆ, ಹೀಗೆ ಇಪ್ಪತ್ತು ಸಲ ಆಗಿರಬಹುದು. ಸಂಜೆ ಒಬ್ಬ ಹೆಂಗಸು ಮಗುವನ್ನು ಬಿಟ್ಟು ಬಸ್ಸಿನ ಹಿಂದೆ ಹೋದಳು. ‘ಮಗುವಿನ ಕೈ ಹಿಡಿ’ ಬೇಕಿತ್ತು. ಫೋನ್ ಮನೆ ಸ್ಕ್ರೀನಿನಲ್ಲಿತ್ತು. ಹಿಂದಕ್ಕೆ ಹೋಗುವ ಬಟನ್ ಒತ್ತಿದೆ. ಬೆಳಿಗ್ಗೆಯಿಂದ ಹೋದ ದಾರಿಯನ್ನೆಲ್ಲ ಒಂದೊಂದೇ ವಾಪಸು ತೋರಿಸಿತು. ಮನೆ, ಸ್ಟ್ಯಾಂಡ್, ಮನೆ, ಸ್ಟ್ಯಾಂಡ್. ನಾನು ಗಾಬರಿಯಲ್ಲಿ ಒತ್ತುತ್ತಲೇ ಇದ್ದೆ. ಕೊನೆಗೆ ಫೋನ್ ನಿಂತುಹೋಯಿತು. ಮಗುವಿಗೆ ಏನೂ ಆಗಲಿಲ್ಲ. ನಾನೇ ಕೂಗಿದೆ. ಗಂಟಲಿನಿಂದ ಸ್ವಲ್ಪ ರಕ್ತ ಬಂತು. ಆದರೆ ಈ ತಿಂಗಳ ಮೂವತ್ತರ ನಂತರ ಕೂಗಲು ಆಗುವುದಿಲ್ಲವಲ್ಲ.

ನಮ್ಮ ಸ್ಟ್ಯಾಂಡ್ ಸಣ್ಣದಿದ್ದಾಗ ಒಂದು ಬಸ್ಸಿನ ಹಿಂದೆ ಇನ್ನೊಂದು ನಿಲ್ಲುತ್ತಿತ್ತು. ಹೊರಗೆ ಬರುವುದು ರಿವರ್ಸಿನಲ್ಲೇ, ಹಾಗಾಗಿ ಹಿಂದಿನದ್ದು ತೆಗೆಯದೆ ಮುಂದಿನದ್ದು ಹೊರಡಲು ಆಗುತ್ತಿರಲಿಲ್ಲ. ಐದು ಬಸ್ಸು ಆದಾಗ ಸ್ಟ್ಯಾಂಡೇ ಕಟ್ಟಿಹೋಗುತ್ತಿತ್ತು. ನಿನ್ನ ಸ್ಕ್ರೀನೂ ಹಾಗೆ ಒಂದರ ಹಿಂದೆ ಒಂದು ನಿಲ್ಲುತ್ತಿದೆಯಾ ಎಂದು ನನಗೆ ಸಂಶಯ. ಬಸ್ಸು ಎಲ್ಲಿಗೇ ಹೋಗಿರಲಿ, ಎಷ್ಟು ಊರು ಸುತ್ತಿರಲಿ, ವಾಪಸು ಬರುವಾಗ ಬೋರ್ಡಿನಲ್ಲಿ ವಿಟ್ಲ ಎಂದೇ ಇರುತ್ತದೆ. ಹಾಗೆ ಎಲ್ಲಿಂದಲಾದರೂ ಒಂದೇ ಬಟನಿಗೆ ಮೊದಲ ಸ್ಕ್ರೀನಿಗೆ ಬರಲು ಆಗಬೇಕು.

ಜೈನಬಿಯ ದೂರು. ಫೋನಿನ ಮಾತು ಕೇಳಿ, "ಯಾರ ದನಿ ಇದು?" ಎಂದಳು. ನನ್ನದೇ ಎಂದೆ. "ಕೆಮ್ಮು ಎಲ್ಲಿ?" ಎಂದಳು. ನಾನು ಜಗಲಿ ಹತ್ತುವ ಮೊದಲು ಒಂದು ಸಲ ಕೆಮ್ಮುತ್ತೇನೆ. ನನ್ನ ಬಾಪ ಹಾಗೆ ಮಾಡುತ್ತಿದ್ದರು, ಒಳಗೆ ಹೆಂಗಸರಿಗೆ ಗೊತ್ತಾಗಲಿ ಎಂದು. ಅವಳು ಬಾಗಿಲು ತೆಗೆಯುವುದು ಆ ಕೆಮ್ಮಿಗೆ. "ಕೆಮ್ಮದೆ ಬಾಗಿಲಿನಲ್ಲಿ ನಿಂತರೆ ಯಾರೋ ಅಂತ ನಾನು ಹೆದರುವುದಿಲ್ಲವಾ?" ಎಂದು ಕೇಳಿದಳು. ಈ ಮನೆಯಲ್ಲಿ ಹೆದರುವುದು ನಾನೊಬ್ಬನೇ ಎಂದುಕೊಂಡಿದ್ದೆ.

ಫೋನನ್ನು ಲೋಕಯ್ಯನ ಬಸ್ಸಿನಲ್ಲೇ ವಾಪಸು ಕಳಿಸಿದ್ದೇನೆ. ಕತ್ತರಿಸಿದ್ದನ್ನು ಬಿಸಾಡಿದ್ದೀಯಾ?

ಇಂತಿ,
ಹಸೈನಾರ್

*

ಮೂಡುಬಿದಿರೆ
21 ಅಕ್ಟೋಬರ್ 2006

ಹಸೈನಾರ್ ಕಾಕ,

ಬಿಸಾಡಿರಲಿಲ್ಲ. ಒಂದು ಒಳ್ಳೆಯ ಕೆಮ್ಮು ಆರಿಸಿ ಚೌಕಳಿ ಗುರುತಿನ ಬಟನಿಗೆ ಹಾಕಿದ್ದೇನೆ. ಯಾವ ಸ್ಕ್ರೀನಿನಲ್ಲಿದ್ದರೂ ಅದು ಕೆಮ್ಮುತ್ತದೆ.

ಸ್ಕ್ರೀನಿನ ವಿಷಯ ನಿಮ್ಮ ಸಂಶಯವೇ ಸರಿ. ನೀವು ‘ಮನೆ’ ಒತ್ತಿದಾಗಲೆಲ್ಲ ನಾನು ಹೊಸತಾಗಿ ಒಂದು ಮನೆ ಸ್ಕ್ರೀನ್ ಕಟ್ಟುತ್ತಿದ್ದೆ. ಹಳೆಯದು ಅದರ ಅಡಿಯಲ್ಲಿ ಹಾಗೆಯೇ ಉಳಿಯುತ್ತಿತ್ತು. ಇಪ್ಪತ್ತು ಸಲ ಒತ್ತಿದರೆ ಇಪ್ಪತ್ತು ಸ್ಕ್ರೀನ್. ಫೋನಿನ ಹೊಟ್ಟೆ ತುಂಬಿ ನಿಂತುಹೋಯಿತು. ಈಗ ಪ್ರೋಗ್ರಾಂ ಶುರುವಾಗುವಾಗಲೇ ನಾಲ್ಕು ಸ್ಕ್ರೀನ್ ಕಟ್ಟಿ ಇಡುತ್ತೇನೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಇದ್ದದ್ದೇ ಎದುರು ಬರುತ್ತದೆ. ಸೊನ್ನೆ ಒತ್ತಿದರೆ ಎಲ್ಲಿಂದಲೂ ನೇರ ಮೊದಲ ಸ್ಕ್ರೀನ್. ಹೊಸದಾಗಿ ಕಲಿಯುವವರು ಎಲ್ಲರೂ ಮಾಡುವ ತಪ್ಪು ಇದು ಎಂದು ಗೈಡ್ ಸರ್ ಹೇಳಿದರು. ರಕ್ತ ಬಂತು ಎಂದು ಅವರಿಗೆ ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ.

ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಇನ್ನೂರು ಸಲ ಒತ್ತಿ ನೋಡಿದ್ದೇನೆ.

ನಿಮ್ಮ,
ತೃಪ್ತಿ

*

ವಿಟ್ಲ
28 ಅಕ್ಟೋಬರ್ 2006

ತೃಪ್ತಿ ಮಗಳಿಗೆ,

ನಾನು ಮುನ್ನೂರು ಸಲ ಒತ್ತಿದೆ. ನಿಲ್ಲಲಿಲ್ಲ.

ನಾಳೆ ಅಡ್ಮಿಟ್. ಪೆರ್ನಾಲ್ ದಿನ ಎಲ್ಲರ ಹತ್ತಿರವೂ ಮಾತಾಡಿದೆ. ಮಾತಾಡಬೇಡಿ ಎಂದು ಯಾರೂ ಹೇಳಲಿಲ್ಲ. ಇವತ್ತು ಸ್ಟ್ಯಾಂಡಿನಲ್ಲಿ ನನ್ನ ಜಾಗಕ್ಕೆ ಬಂದ ತುಕ್ರಪ್ಪನಿಗೆ ಟ್ರಿಪ್ ಶೀಟು ವಹಿಸಿಕೊಟ್ಟೆ. ನಾನು ಬರುವವರೆಗೆ ನೋಡಿಕೊಳ್ಳುತ್ತಾನೆ. ಅವನ ದನಿ ಕೀರಲು, ಮಾರುಕಟ್ಟೆಯವರೆಗೆ ಮುಟ್ಟುವುದಿಲ್ಲ. ಕಲಿಯುತ್ತಾನೆ.

ಮೂರೂವರೆಯ ಬಸ್ಸನ್ನು ನಾನೇ ಕೂಗಿ ಕಳಿಸಿದೆ. ಖಾಲಿ ಇತ್ತು. ಆದರೂ ಎಲ್ಲ ಊರಿನ ಹೆಸರನ್ನೂ ಹೇಳಿದೆ.

ಇಂತಿ,
ಹಸೈನಾರ್

*

ವಿಟ್ಲ
19 ನವೆಂಬರ್ 2006

ತೃಪ್ತಿ ಅಕ್ಕನಿಗೆ,

ಉಪ್ಪಾ ಬರೆಯಲು ಹೇಳಿದರು. ಮೊನ್ನೆ ಮನೆಗೆ ಬಂದೆವು. ಅವರ ಕೈಗೆ ಇನ್ನೂ ಬಲ ಬಂದಿಲ್ಲ, ಹಾಗಾಗಿ ನಾನು ಬರೆಯುವುದು.

ಆಪರೇಶನ್ ಚೆನ್ನಾಗಿ ಆಯಿತು ಎಂದರು. ಮೂರನೇ ದಿನ ಫೋನ್ ಕೈಗೆ ಕೊಟ್ಟೆವು. ವಾರ್ಡಿನಲ್ಲಿದ್ದ ನರ್ಸ್ ಕೇರಳದವರು, ಕನ್ನಡ ಬರುವುದಿಲ್ಲ. ಉಪ್ಪಾ ಡಾಕ್ಟರ ಸ್ಕ್ರೀನಿಗೆ ಹೋಗಿ ಒತ್ತಿ ಒತ್ತಿ ನೋಡಿದರು, ಅವರಿಗೆ ಅರ್ಥವಾಗಲಿಲ್ಲ. ಆಗ ಉಪ್ಪಾ ಸೊನ್ನೆ ಒತ್ತಿ, ಮನೆ ಸ್ಕ್ರೀನಿಗೆ ಹೋಗಿ, ‘ನೀರು’ ಒತ್ತಿದರು. ನಮ್ಮ ಬ್ಯಾರಿ ಮಲಯಾಳಕ್ಕೆ ಹತ್ತಿರ ಅಲ್ಲವಾ, ಆ ನರ್ಸಿಗೆ ಕೂಡಲೇ ತಿಳಿಯಿತು. ಆಮೇಲೆ ಅವರು ನಮ್ಮ ಹಾಸಿಗೆಯ ಹತ್ತಿರವೇ ಬಂದು ನಿಲ್ಲುತ್ತಿದ್ದರು. ಡ್ಯೂಟಿ ಮುಗಿಸಿ ಹೋಗುವಾಗ ಉಪ್ಪಾ ಅವರಿಗೂ ‘ಕೊಡೆ ತೆಗೆದುಕೊಂಡಿಯಾ’ ಒತ್ತಿದರು.

ಉಮ್ಮ ಮಾತ್ರ ಅಷ್ಟು ದಿನ ಅಳಲಿಲ್ಲ. ಮೊನ್ನೆ ಆಟೋ ಇಳಿದು ಉಪ್ಪಾ ಜಗಲಿಯ ಹತ್ತಿರ ಕೆಮ್ಮು ಒತ್ತಿದರು. ಒಳಗಿದ್ದ ಉಮ್ಮ ಬಾಗಿಲು ತೆಗೆಯಲು ತುಂಬ ಹೊತ್ತು ಮಾಡಿದರು.

ಇತಿ,
ಶಿಫಾನಾ

*

ವಿಟ್ಲ
14 ಜನವರಿ 2007

ತೃಪ್ತಿ ಮಗಳಿಗೆ,

ಸ್ಟ್ಯಾಂಡಿಗೆ ಹೋಗಲು ಶುರುಮಾಡಿ ಎರಡು ವಾರವಾಯಿತು. ಶೀಟು ಇನ್ನೂ ತುಕ್ರಪ್ಪನ ಹತ್ತಿರವೇ ಉಂಟು. ನಾನು ಪಕ್ಕದಲ್ಲಿ ಕೂತು ಫೋನ್ ಒತ್ತುತ್ತೇನೆ. ಬಸ್ಸು ಕೇಳಿದವರಿಗೆ ಬಸ್ಸು ಹೇಳುತ್ತೇನೆ. ಅದೆಲ್ಲ ಸರಿಯಾಗುತ್ತಿದೆ. ಕೆಟ್ಟದ್ದು ಬೇರೆ ಒಂದು ಆಗಿದೆ.

ನನ್ನನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಎಂಚ ಉಲ್ಲರ್, ಹೇಗಿದ್ದೀರಿ. ಅದಕ್ಕೆ ನನ್ನಲ್ಲಿ ಬಟನ್ ಇಲ್ಲ.

ಇಪ್ಪತ್ತೇಳು ಮಾತಿನಲ್ಲಿ ಸೌಖ್ಯ ಉಂಟು ಎಂಬುದೇ ಇಲ್ಲ. ಒಂದು ವಾರ ತಲೆ ಕೆರೆದು ಬರೆದ ಪಟ್ಟಿಯಲ್ಲಿ ಅದು ನೆನಪಿಗೇ ಬರಲಿಲ್ಲ. ಯೋಚಿಸಿ ನೋಡಿದರೆ, ಬಾಯಿ ಇದ್ದಾಗಲೂ ನಾನು ಅದನ್ನು ಹೇಳಿದವನಲ್ಲ. ಯಾರಾದರೂ ಹೇಗಿದ್ದೀರಿ ಎಂದರೆ, "ಎಂತ ಇರುವುದು ಮಾರಾಯ, ಮೊಣಕಾಲು ನೋವು, ಮಳೆ ಬರುವ ಹಾಗೆ ಉಂಟು" ಎಂದೇ ಶುರುಮಾಡುತ್ತಿದ್ದೆ. ಈಗ ತಲೆ ಆಡಿಸುತ್ತೇನೆ. ಕತ್ತಿನಲ್ಲಿ ಬಟ್ಟೆ ಕಟ್ಟಿಕೊಂಡವನು ತಲೆ ಆಡಿಸಿದರೆ ಜನ ಇನ್ನೂ ಹತ್ತಿರ ಬಂದು, ದನಿ ಇಳಿಸಿ, ಪಾಪ ಎನ್ನುತ್ತಾರೆ.

ಮೊನ್ನೆ ಬಸ್ ಮಾಲಕರ ಸಂಘದ ಅಬ್ದುಲ್ ರವೂಫ್ ಬಂದಿದ್ದರು. "ಹಸೈನಾರ್, ಹೇಗಿದ್ದೀರಿ? ಈ ಧೂಳಿನಲ್ಲಿ ನಿಮಗೆ ಆಗ್ತದಾ?" ಎಂದು ಕೇಳಿದರು. ಏನಾದರೂ ಹೇಳಬೇಕಲ್ಲ ಎಂದು ಕೈಗೆ ಸಿಕ್ಕಿದ ಬಟನ್ ಒತ್ತಿದೆ. ‘ತಲೆ ಹೊರಗೆ ಹಾಕಬೇಡ’ ಎಂದಿತು ಫೋನ್. ಸುತ್ತ ಇದ್ದವರು ನಕ್ಕರು. ಅವರು ನಗಲಿಲ್ಲ. ನನ್ನ ಹೆಗಲು ತಟ್ಟಿ, "ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ. ಫೆಬ್ರವರಿ ಕೊನೆಗೆ ಒಮ್ಮೆ ನೋಡುವ, ಆಗದಿದ್ದರೆ ತುಕ್ರಪ್ಪನನ್ನೇ ಕಾಯಂ ಮಾಡುವ" ಎಂದರು. ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಮನೆಯಲ್ಲಿ ಕೂತರೆ ನಾನು ಹುಚ್ಚನಾಗುತ್ತೇನೆ ಮಗಾ. ಬೆಳಿಗ್ಗೆಯಿಂದ ಗ್ಯಾಸ್ ನೋಡುತ್ತ ಕೂರುವವನ ಜೊತೆ ಜೈನಬಿ ಹೇಗೆ ಇರುವುದು?

ಆ ಒಂದು ಮಾತು ಮಾಡಲು ಆಗುತ್ತದಾ? ನನ್ನ ಹಳೆಯ ಮಾತಿನಿಂದ ತುಂಡು ತುಂಡು ತೆಗೆದು?

ಇಂತಿ,
ಹಸೈನಾರ್

*

ಮೂಡುಬಿದಿರೆ
20 ಜನವರಿ 2007

ಹಸೈನಾರ್ ಕಾಕ,

ನಾಲ್ಕು ದಿನ ಪ್ರಯತ್ನಿಸಿದೆ. ಕತ್ತರಿಸಿ ಜೋಡಿಸಿದೆ. ಮಾತಿನ ಹಾಗೆ ಕೇಳುತ್ತದೆ, ಮನುಷ್ಯನ ಹಾಗೆ ಕೇಳುವುದಿಲ್ಲ. ರೂಮಿನವಳಿಗೆ ಕೇಳಿಸಿದೆ. "ಇವರಿಗೆ ತುಂಬ ಹುಷಾರಿಲ್ವಾ?" ಎಂದು ಕೇಳಿದಳು. ಅಲ್ಲಿಗೆ ಬಿಟ್ಟೆ.

ತಪ್ಪು ನನ್ನದೂ ಹೌದು. ಪಟ್ಟಿ ನೋಡಿದಾಗ ನಾನಾದರೂ ಕೇಳಬೇಕಿತ್ತು. ಮಾತು ಎಂದರೆ ನಾವು ಹೇಳುವುದು ಎಂದಷ್ಟೇ ಯೋಚಿಸಿದೆ. ಜನ ನಮ್ಮನ್ನು ಏನು ಕೇಳುತ್ತಾರೆ ಎಂದು ಯೋಚಿಸಲಿಲ್ಲ.

ಈಗ ಇರುವ ದಾರಿ ಒಂದೇ, ಬೇರೆಯವರ ದನಿ. ಅಪ್ಪ ತಾನು ಹೇಳುತ್ತೇನೆ ಎಂದರು. ತುಕ್ರಪ್ಪಣ್ಣ ಬೇಡ, ಅವರದ್ದೇ ಹುದ್ದೆಯ ವಿಷಯ. ಆ ಬಟನ್ ಎಲ್ಲ ಸ್ಕ್ರೀನಿನಲ್ಲೂ ಒಂದೇ ಕಡೆ ಇರಬೇಕು, ಜೇಬಿನೊಳಗೇ ಸಿಗಬೇಕು. ಐದರ ಮೇಲೆ ಒಂದು ಸಣ್ಣ ಉಬ್ಬು ಉಂಟು, ಬೆರಳಿಗೆ ತಾಗುತ್ತದೆ ನೋಡಿ. ಐದಕ್ಕೇ ಹಾಕುವ. ಆದರೆ ಒಂದೊಂದು ಸ್ಕ್ರೀನಿನಿಂದ ಒಂದೊಂದು ಮಾತು ಬಿಡಬೇಕಾಗುತ್ತದೆ. ಯಾವುದು ಎಂದು ನೀವೇ ಹೇಳಿ. ಯಾರ ದನಿ ಎಂದೂ ನೀವೇ ಹೇಳಿ.

ನಿಮ್ಮ,
ತೃಪ್ತಿ

*

ವಿಟ್ಲ
27 ಜನವರಿ 2007

ತೃಪ್ತಿಗೆ,

ಜೈನಬಮ್ಮ ಹೇಳಿ ಬರೆಸುವುದು. ಶಿಫಾನಾ ಬರೆಯುತ್ತಿದ್ದಾಳೆ. ಇವಳ ಉಪ್ಪಾನಿಗೆ ಗೊತ್ತಿಲ್ಲ.

ನಿನ್ನ ಕಾಗದ ಬಂದಾಗಿನಿಂದ ಅವರು ಯಾರ ದನಿ, ಯಾರ ದನಿ ಎಂದು ಸ್ಲೇಟಿನಲ್ಲಿ ಹೆಸರು ಬರೆದು ಅಳಿಸಿ ಮಾಡುತ್ತಿದ್ದಾರೆ. ಲೋಕಯ್ಯಣ್ಣ ಒಳ್ಳೆಯವರು. ಆದರೆ ನಮ್ಮ ಮನೆಯವರು ಹೇಗಿದ್ದಾರೆ ಎಂದು ಲೋಕಯ್ಯಣ್ಣನಿಗೆ ಎಂತ ಗೊತ್ತು? ಕತ್ತಿನ ಬಟ್ಟೆ ಬದಲಿಸುವುದು ನಾನು. ತಿಂದದ್ದು, ಬಿಟ್ಟದ್ದು, ನಿದ್ದೆ ಬಂದದ್ದು, ಬಾರದ್ದು ನನಗೆ ಗೊತ್ತು.

ನನ್ನ ದನಿ ಪೇಟೆಯಲ್ಲಿ ಕೇಳುವುದು ನನಗೆ ಇಷ್ಟವಿಲ್ಲ. ಎರಡು ದಿನ ಯೋಚಿಸಿದೆ. ಮನೆಗೆ ಬಂದು ಕೇಳುವವರಿಗೆ ನಾನೇ ಬಾಗಿಲ ಹಿಂದೆ ನಿಂತು ಉತ್ತರ ಹೇಳುವುದಿಲ್ಲವಾ? ಇದೂ ಹಾಗೆಯೇ ಎಂದುಕೊಂಡೆ.

ಫೆಬ್ರವರಿ ನಾಲ್ಕಕ್ಕೆ, ಭಾನುವಾರ, ಅವರು ಸ್ಟ್ಯಾಂಡಿನಲ್ಲಿರುವ ಹೊತ್ತಿಗೆ ಬಾ. ಒಬ್ಬಳೇ ಬಾ. ತುಳುವಿನಲ್ಲಿ ಹೇಗೆ ಹೇಳುವುದೆಂದು ನಾನು ಅಷ್ಟರಲ್ಲಿ ಯೋಚಿಸಿ ಇಡುತ್ತೇನೆ.

ಜೈನಬಮ್ಮ
(ನನ್ನ ಸಲಾಂ ಕೂಡ ಅಕ್ಕ. ಶಿಫಾನಾ)

*

ವಿಟ್ಲ
25 ಫೆಬ್ರವರಿ 2007

ತೃಪ್ತಿ ಮಗಳಿಗೆ,

ಬರೆಯಲು ತಡವಾಯಿತು. ರವೂಫ್ ಬಂದು ನೋಡಿ ಆಗುವವರೆಗೆ ಬರೆಯಬಾರದು ಎಂದು ಇದ್ದೆ, ಬರೆದರೆ ಕೆಟ್ಟುಹೋದೀತು ಎಂದು.

ನಿನ್ನೆ ಹತ್ತು ಗಂಟೆಗೆ ಅಬ್ದುಲ್ ರವೂಫ್ ಬಂದರು. ಬಿಸಿಲಿಗೆ ಪಂಚೆ ಎತ್ತಿ ಕಟ್ಟಿಕೊಂಡು, ನನ್ನ ಎದುರು ನಿಂತು, "ಹೇಗಿದ್ದೀರಿ ಹಸೈನಾರ್?" ಎಂದರು. ಹದಿನೈದು ಜನ ಸುತ್ತ ಇದ್ದರು. ನಾನು ಅಂಗಿಯ ಜೇಬಿನೊಳಗೆ ಕೈ ಹಾಕಿ ಉಬ್ಬು ಹುಡುಕಿ ಒತ್ತಿದೆ.

"ಅವರು ಸೌಖ್ಯ ಇದ್ದಾರೆ. ಕೇಳಿ ಕೇಳಿ ಅವರನ್ನು ಹೆದರಿಸಬೇಡಿ."

ರವೂಫ್ ಒಂದು ಹೆಜ್ಜೆ ಹಿಂದೆ ಸರಿದರು. ಎತ್ತಿ ಕಟ್ಟಿದ್ದ ಪಂಚೆಯನ್ನು ಕೆಳಗೆ ಬಿಟ್ಟರು. ನನ್ನ ಜೇಬನ್ನು ನೋಡಿ, "ಆಯ್ತು ಜೈನಬಮ್ಮ, ಇನ್ನು ಕೇಳುವುದಿಲ್ಲ" ಎಂದರು. ಯಾರೂ ನಗಲಿಲ್ಲ. ತುಕ್ರಪ್ಪ ತಾನಾಗಿಯೇ ಶೀಟು ತಂದು ನನ್ನ ಮೇಜಿನ ಮೇಲೆ ಇಟ್ಟ. ಕೂಗುವುದು ಅವನು, ಬರೆಯುವುದು ನಾನು ಎಂದು ರವೂಫ್ ಅಲ್ಲೇ ತೀರ್ಮಾನ ಮಾಡಿ ಹೋದರು.

ಐದಕ್ಕೆ ಜಾಗ ಮಾಡಲು ಒಂದೊಂದು ಮಾತು ಬಿಡುವಾಗ ಸಂಕಟವಾಗಿತ್ತು. ಸ್ಟ್ಯಾಂಡಿನದ್ದು ಫುಟ್‌ಬೋರ್ಡಿನ ಮಾತು. ಈಗ ಫುಟ್‌ಬೋರ್ಡಿನಲ್ಲಿ ನಿಂತವನ ಕಾಲಿಗೆ ಶೀಟಿನ ಹಲಗೆಯಿಂದ ಒಂದು ಕೊಡುತ್ತೇನೆ, ಮಾತಿಗಿಂತ ಬೇಗ ಇಳಿಯುತ್ತಾನೆ. ಮನೆಯದ್ದರಲ್ಲಿ ಗ್ಯಾಸಿನ ಮಾತು ಬಿಟ್ಟೆ. ಎರಡು ದಿನ ನಿದ್ದೆ ಬರಲಿಲ್ಲ, ಆಮೇಲೆ ಬಂತು. ಮನೆಯಲ್ಲಿ ಐದು ಒತ್ತಲು ಮಾತ್ರ ಜೈನಬಿ ಬಿಡುವುದಿಲ್ಲ. "ನಾನು ಇಲ್ಲೇ ಇದ್ದೇನಲ್ಲ, ಅದನ್ನು ಯಾಕೆ ಕೇಳುವುದು" ಎನ್ನುತ್ತಾಳೆ.

ಅವಳು ನನ್ನ ಬಗ್ಗೆ ಪೇಟೆಯವರ ಎದುರು ಒಂದು ಮಾತು ಆಡಿದವಳಲ್ಲ, ಮಗಾ. ಈಗ ದಿನಕ್ಕೆ ಮೂವತ್ತು ಸಲ ಆಡುತ್ತಾಳೆ. ಕೆಲವರು ಒಮ್ಮೆ ಕೇಳಿ, ಪುನಃ ಕೇಳುತ್ತಾರೆ, ಬೈಸಿಕೊಳ್ಳಲಿಕ್ಕೆ.

ಒಂದು ಚಿಂತೆ ಉಂಟು. ಅವಳು ಅದನ್ನು ಹೇಳಿದ್ದು ಫೆಬ್ರವರಿ ನಾಲ್ಕನೇ ತಾರೀಕು ನನ್ನನ್ನು ನೋಡಿ. ನಾನು ಒತ್ತುವುದು ಪ್ರತಿ ದಿನ. ಯಾವುದೋ ಒಂದು ದಿನ ನನಗೆ ಸೌಖ್ಯ ಇಲ್ಲದೆ, ಅವಳ ಮಾತು ನಾಲ್ಕು ಜನರ ಎದುರು ಸುಳ್ಳಾಗಬಾರದಲ್ಲ. ಹಾಗಾಗಿ ಈಗ ಒಂದು ಗಂಟೆಗೆ ಶೀಟನ್ನು ತುಕ್ರಪ್ಪನ ಕೈಗೆ ಕೊಟ್ಟು ಮನೆಗೆ ಹೋಗುತ್ತೇನೆ. ಗಂಜಿ ಪೂರ್ತಿ ಕುಡಿಯುತ್ತೇನೆ, ಅರ್ಧ ಗಂಟೆ ಮಲಗುತ್ತೇನೆ, ಎರಡು ಗಂಟೆಯ ಬಸ್ಸಿಗೆ ವಾಪಸು ಬರುತ್ತೇನೆ.

ಇಂತಿ,
ಹಸೈನಾರ್